ಆಟ ನಿಂತವರು ಕಟ್ಟಿದ ಗರಡಿ

2008ರ ಮೇ 21ರಂದು ಮಾಸ್ಕೋದ ಲುಜ್ನಿಕಿ ಕ್ರೀಡಾಂಗಣದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಮತ್ತು ಚೆಲ್ಸಿ ನಡುವೆ ಚಾಂಪಿಯನ್ಸ್ ಲೀಗ್ ಫೈನಲ್ ನಡೆಯಿತು. ಯುನೈಟೆಡ್‌ಗೆ ಅಂದು ರಿಯೊ ಫರ್ಡಿನಾಂಡ್ ನಾಯಕ, ಮಿಡ್‌ಫೀಲ್ಡ್‌ನಲ್ಲಿ ಮೈಕೆಲ್ ಕ್ಯಾರಿಕ್. ಹಿಂದೆ ಬಿದ್ದಿದ್ದ ಚೆಲ್ಸಿಗೆ ಸಮಬಲದ ಗೋಲು ತಂದುಕೊಟ್ಟವನು ಫ್ರಾಂಕ್ ಲ್ಯಾಂಪಾರ್ಡ್. ಅವನ ಜೊತೆಗೆ ಕಣಕ್ಕಿಳಿದವನು ಜೋ ಕೋಲ್. ಕೊನೆಗೆ ಪೆನಾಲ್ಟಿ ಶೂಟೌಟ್‌ನಲ್ಲಿ ಯುನೈಟೆಡ್ ಗೆದ್ದಿತು. ಎರಡು ತಂಡಗಳಿಗೆ ಹಂಚಿಹೋಗಿದ್ದ ಈ ನಾಲ್ವರೂ ಹದಿಹರೆಯದಲ್ಲಿ ಪಳಗಿದ್ದು ಒಂದೇ ಕಡೆ: ಪೂರ್ವ ಲಂಡನ್ನಿನ ಅಂಚಿನ ಚಾಡ್‌ವೆಲ್ ಹೀತ್ ಮೈದಾನದಲ್ಲಿ, ವೆಸ್ಟ್ ಹ್ಯಾಮ್ ಯುನೈಟೆಡ್ ಕ್ಲಬ್ಬಿನ ಯುವ ತಂಡದಲ್ಲಿ. ವೆಸ್ಟ್ ಹ್ಯಾಮ್ ಆ ವರ್ಷ ಲೀಗ್‌ನಲ್ಲಿ ಹತ್ತನೇ ಸ್ಥಾನದಲ್ಲಿತ್ತು. ಯುವ ತಂಡದ ಹೊಣೆ ಹೊತ್ತಿದ್ದವರು ಟೋನಿ ಕಾರ್. ವೆಸ್ಟ್ ಹ್ಯಾಮ್ ಮೊದಲ ತಂಡಕ್ಕೆ ಒಂದೇ ಒಂದು ಪಂದ್ಯವನ್ನೂ ಆಡದ ಸ್ಟ್ರೈಕರ್ ಅವರು.

ಟೋನಿ ಹುಟ್ಟಿದ್ದು 1950ರಲ್ಲಿ, ಲಂಡನ್ನಿನ ಬೋ ಎಂಬ ಕೂಲಿಕಾರರ ಬಡಾವಣೆಯಲ್ಲಿ. 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆ ಹೋದ ಗಾಂಧೀಜಿ ದೊಡ್ಡ ಹೋಟೆಲುಗಳನ್ನು ಬಿಟ್ಟು ಬಡವರ ನಡುವೆ ಇರುತ್ತೇನೆಂದು ಉಳಿದುಕೊಂಡ ಕಿಂಗ್ಸ್‌ಲಿ ಹಾಲ್ ಇರುವುದು ಈ ಸೀಮೆಯಲ್ಲೇ. ಅಲ್ಲಿನ ಹುಡುಗರಿಗೆ ವೆಸ್ಟ್ ಹ್ಯಾಮ್ ಎಂದರೆ ಮನೆಯ ತಂಡ. ಥೇಮ್ಸ್ ದಂಡೆಯ ಹಡಗು ಕಟ್ಟುವ ಕಾರ್ಖಾನೆಯ ಕೆಲಸಗಾರರು 1895ರಲ್ಲಿ ಕಟ್ಟಿಕೊಂಡ ತಂಡವೇ ಬೆಳೆದು ಈ ಕ್ಲಬ್ ಆದದ್ದು. ಅದರ ಲಾಂಛನದಲ್ಲಿ ಇಂದಿಗೂ ಇರುವುದು ಅಡ್ಡಡ್ಡ ಇಟ್ಟ ಎರಡು ಸುತ್ತಿಗೆಗಳು. 1966ರಲ್ಲಿ ಇಂಗ್ಲೆಂಡ್ ವಿಶ್ವಕಪ್ ಗೆದ್ದಾಗ ನಾಯಕ ಬಾಬಿ ಮೂರ್, ಫೈನಲ್‌ನಲ್ಲಿ ಮೂರು ಗೋಲು ಹೊಡೆದ ಜೆಫ್ ಹರ್ಸ್ಟ್, ಇನ್ನೊಂದು ಗೋಲು ಹೊಡೆದ ಮಾರ್ಟಿನ್ ಪೀಟರ್ಸ್, ಮೂವರೂ ವೆಸ್ಟ್ ಹ್ಯಾಮ್‌ನವರು. ಅಂಥ ಹೊತ್ತಿನಲ್ಲಿ ಆ ಕ್ಲಬ್ಬಿನಲ್ಲಿ ಹದಿನಾರರ ಹರೆಯದ ಫಾರ್ವರ್ಡ್ ಆಗಿರುವುದು ಎಂಥ ಅದೃಷ್ಟ, ಹಾಗೆಯೇ ಎಂಥ ಕಷ್ಟ! ಮುಂದಿನ ಸಾಲಿನಲ್ಲಿ ಆಡಲು ಕಾದವನ ಕಣ್ಣೆದುರೇ ಹರ್ಸ್ಟ್ ನಿಂತಿದ್ದರು. ಟೋನಿಗೆ ಜಾಗ ಸಿಗಲಿಲ್ಲ. ಬಾರ್ನೆಟ್‌ಗೆ ಹೋದರು. ಬಾರ್ನೆಟ್ ಆಗ ಫುಟ್‌ಬಾಲ್ ಲೀಗ್‌ನ ನಾಲ್ಕು ದರ್ಜೆಗಳಿಂದಲೂ ಹೊರಗಿದ್ದ, ಸದರ್ನ್ ಲೀಗ್‌ನಲ್ಲಿ ಆಡುತ್ತಿದ್ದ ತಂಡ. ಅದರ ಅಂಡರ್‌ಹಿಲ್ ಮೈದಾನ ಒಂದು ಬದಿಗೆ ಇಳಿಜಾರಾಗಿಯೇ ಇತ್ತು. ಅಲ್ಲಿದ್ದಾಗ ಕಾಲು ಮುರಿಯಿತು, ಆಟವೂ ಮುಗಿಯಿತು.

ಇಷ್ಟನ್ನೇ ಹೇಳಿದರೆ ಇದು ಸೋತ ಆಟಗಾರನೊಬ್ಬ ಗೆದ್ದ ಕಥೆಯಾಗಿ ಬಿಡುತ್ತದೆ. ಆದರೆ ವೆಸ್ಟ್ ಹ್ಯಾಮ್ ಚರಿತ್ರೆಯನ್ನು ಕೆದಕಿದಷ್ಟೂ ನನ್ನನ್ನು ಹಿಡಿದು ನಿಲ್ಲಿಸುವುದು ಬೇರೆ ಸಂಗತಿ. ಆ ಕ್ಲಬ್ಬಿನಲ್ಲಿ ಪಾಠ ಹೇಳಿದವರಲ್ಲಿ ಮೈ ಕೈಕೊಟ್ಟು ಆಟ ಬಿಟ್ಟವರು ಒಬ್ಬರಾದ ಮೇಲೊಬ್ಬರು ಸಿಗುತ್ತಾರೆ.

ಮೊದಲನೆಯವರು ಮಾಲ್ಕಮ್ ಆಲಿಸನ್. 1950ರ ದಶಕದಲ್ಲಿ ಅವರು ತಂಡದ ಡಿಫೆಂಡರ್. ಇಂಗ್ಲೆಂಡಿನ ಹೆಚ್ಚಿನ ಕ್ಲಬ್ಬುಗಳಲ್ಲಿ ಆಗ ತರಬೇತಿ ಎಂದರೆ ಮೈದಾನ ಸುತ್ತಿ ಓಡುವುದು. ವಾರವಿಡೀ ಚೆಂಡು ಕೊಡದಿದ್ದರೆ ಶನಿವಾರ ಅದಕ್ಕಾಗಿ ಹಸಿದಿರುತ್ತಾರೆ ಎಂಬ ನಂಬಿಕೆ! 1953ರಲ್ಲಿ ಹಂಗೆರಿ ವೆಂಬ್ಲಿಗೆ ಬಂದು ಇಂಗ್ಲೆಂಡನ್ನು 6-3ರಿಂದ ಬಡಿದಾಗ ಈ ನಂಬಿಕೆಗೆ ಬಿರುಕು ಬಿತ್ತು. ಆಲಿಸನ್ ಮತ್ತು ಗೆಳೆಯರು ತರಬೇತಿ ಮುಗಿಸಿ ಹತ್ತಿರದ ಕ್ಯಾಸೆಟ್ಟಾರಿ ಕೆಫೆಯಲ್ಲಿ ಕೂರುತ್ತಿದ್ದರು. ಮೇಜಿನ ಮೇಲಿನ ಉಪ್ಪಿನ ಡಬ್ಬಿ, ಮೆಣಸಿನಪುಡಿ ಡಬ್ಬಿಗಳೇ ಆಟಗಾರರು. ಇವನು ಇತ್ತ ಸರಿದರೆ ಅವನು ಎತ್ತ ಓಡಬೇಕು ಎಂದು ಗಂಟೆಗಟ್ಟಲೆ ಚರ್ಚೆ. ಆ ಮೇಜಿನ ಸುತ್ತ ಕೂತಿದ್ದ ಡೇವ್ ಸೆಕ್ಸ್‌ಟನ್, ಜಾನ್ ಬಾಂಡ್, ನೋಯೆಲ್ ಕಾಂಟ್‌ವೆಲ್ ಎಲ್ಲರೂ ಮುಂದೆ ಮ್ಯಾನೇಜರುಗಳಾದರು. 1957ರಲ್ಲಿ ಆಲಿಸನ್‌ಗೆ ಕ್ಷಯ ತಗುಲಿ ಶ್ವಾಸಕೋಶಕ್ಕೆ ಶಸ್ತ್ರಚಿಕಿತ್ಸೆಯಾಯಿತು. ಅವರು ಆಡುತ್ತಿದ್ದ ಜಾಗಕ್ಕೆ ಬಂದವನು ಅವರೇ ತಿದ್ದಿ ಬೆಳೆಸಿದ್ದ ಹುಡುಗ, ಬಾಬಿ ಮೂರ್.

ಎರಡನೆಯವರು ಜಾನ್ ಲಯಾಲ್. ಲೆಫ್ಟ್ ಬ್ಯಾಕ್ ಆಗಿದ್ದ ಇವರ ಮೊಣಕಾಲು ಇಪ್ಪತ್ತರ ಹರೆಯದಲ್ಲೇ ಹಾಳಾಯಿತು. ಕ್ಲಬ್ಬು ಅವರನ್ನು ಬೀದಿಗೆ ಬಿಡದೆ ಸಂಬಳ ಬಟವಾಡೆಯ ಕಚೇರಿಯಲ್ಲಿ ಗುಮಾಸ್ತಿಕೆ ಕೊಟ್ಟಿತು, ಜೊತೆಗೆ ಹುಡುಗರನ್ನು ನೋಡಿಕೊಳ್ಳುವ ಕೆಲಸವನ್ನೂ. ಹಾಗೆ ಮೇಲೆ ಬಂದ ಲಯಾಲ್ 1974ರಿಂದ 1989ರವರೆಗೆ ತಂಡದ ಮ್ಯಾನೇಜರ್ ಆಗಿದ್ದರು. ಇವರಿಗೂ ಆಲಿಸನ್‌ಗೂ ನಡುವೆ ಸೇತುವೆಯಂತೆ ನಿಂತವರು ರಾನ್ ಗ್ರೀನ್‌ವುಡ್. 1961ರಲ್ಲಿ ಬಂದ ಈ ಮ್ಯಾನೇಜರ್, ಹಂಗೆರಿಯ ಆಟ ನೋಡಿ ಮನಸೋತವರು. ಹದಿಹರೆಯದ ಟೋನಿ ಕಲಿತದ್ದು ಗ್ರೀನ್‌ವುಡ್ ಕಾಲದ ಪಾಠ.

ಮೂರನೆಯವರು ಟೋನಿ. 1973ರಲ್ಲಿ, ಇಪ್ಪತ್ಮೂರು ತುಂಬುವ ಹೊತ್ತಿಗೆ, ಅರೆಕಾಲಿಕ ಕೋಚ್ ಆಗಿ ಹಳೆಯ ಕ್ಲಬ್ಬಿಗೆ ಮರಳಿದರು. 1980ರಲ್ಲಿ ಯುವ ವಿಭಾಗದ ಪೂರ್ತಿ ಹೊಣೆ ಬಂತು. ಮರುವರ್ಷವೇ ಹುಡುಗರು ಎಫ್ಎ ಯೂತ್ ಕಪ್ ಗೆದ್ದರು.

ಆ ಗರಡಿಯ ಪಾಠವೊಂದನ್ನು ಹತ್ತಿರದಿಂದ ನೋಡೋಣ. ಮಿಡ್‌ಫೀಲ್ಡ್‌ನಲ್ಲಿರುವ ಹುಡುಗನಿಗೆ ಹಿಂದಿನಿಂದ ಪಾಸು ಬರುತ್ತಿದೆ ಎನ್ನಿ. ಪಳಗದವನು ಚೆಂಡನ್ನೇ ನೋಡುತ್ತ ನಿಲ್ಲುತ್ತಾನೆ. ಎದುರಾಳಿ ಗೋಲಿಗೆ ಅವನ ಬೆನ್ನು. ಚೆಂಡು ಕಾಲಿಗೆ ಬಂದ ಮೇಲೆ ತಿರುಗಲು ನೋಡುವಷ್ಟರಲ್ಲಿ ಡಿಫೆಂಡರ್ ಮೈಮೇಲೆ ಬಂದಿರುತ್ತಾನೆ. ಚೆಂಡನ್ನು ಬಂದ ದಾರಿಯಲ್ಲೇ ವಾಪಸು ಕಳಿಸದೆ ಗತ್ಯಂತರವಿಲ್ಲ. ವೆಸ್ಟ್ ಹ್ಯಾಮ್ ಹುಡುಗನಿಗೆ ಹೇಳಿಕೊಡುವುದು ಬೇರೆ. ಪಾಸು ಹೊರಡುವ ಮೊದಲೇ ಭುಜದ ಮೇಲಿಂದ ಹಿಂದಕ್ಕೊಮ್ಮೆ ನೋಡು, ಮೈಯನ್ನು ಓರೆ ಮಾಡಿ ಅರ್ಧ ತಿರುಗಿ ನಿಲ್ಲು, ದೂರದ ಕಾಲಿನಲ್ಲಿ ಚೆಂಡು ತೆಗೆದುಕೋ. ಮೊದಲ ಸ್ಪರ್ಶದಲ್ಲೇ ಮುಖ ಮುಂದಕ್ಕಾಗಿರುತ್ತದೆ, ಮೈದಾನವೆಲ್ಲ ಕಣ್ಣೆದುರು ತೆರೆದಿರುತ್ತದೆ. ಹೇಳಲು ಎರಡೇ ವಾಕ್ಯ, ಆದರೆ ಮೈಗೆ ಹತ್ತಲು ವರ್ಷಗಳೇ ಬೇಕು. ಚೆಂಡು ಬರುವ ಮೊದಲು ಆಟಗಾರರು ಎಷ್ಟು ಸಲ ಸುತ್ತ ನೋಡುತ್ತಾರೆ ಎಂದು ನಾರ್ವೆಯ ಸಂಶೋಧಕ ಗೈರ್ ಯೋರ್ಡೆಟ್ ಪ್ರೀಮಿಯರ್ ಲೀಗ್ ಆಟಗಾರರ ಚಿತ್ರಗಳನ್ನಿಟ್ಟುಕೊಂಡು ಎಣಿಸಿದಾಗ ಲ್ಯಾಂಪಾರ್ಡ್ ಹೆಸರು ಎಲ್ಲರಿಗಿಂತ ಮೇಲಿತ್ತು. ಇದರ ಕೀರ್ತಿಯನ್ನೆಲ್ಲ ಟೋನಿಗೆ ಕಟ್ಟುವುದು ಸರಿಯಲ್ಲ. ಲ್ಯಾಂಪಾರ್ಡ್‌ನ ತಂದೆಯೂ ವೆಸ್ಟ್ ಹ್ಯಾಮ್ ಆಟಗಾರ, ಮಗನನ್ನು ಬೆವರಿಳಿಸಿ ಬೆಳೆಸಿದವರು. ಯುವ ತಂಡದಲ್ಲಿ ಟೋನಿ ಜೊತೆಗೆ 1958ರ ವಿಶ್ವಕಪ್ ಆಡಿದ್ದ ಪೀಟರ್ ಬ್ರಾಬ್ರೂಕ್ ಕೂಡ ಕಲಿಸುತ್ತಿದ್ದರು. ಆದರೆ ಕಲಿಸುವವರು ಬದಲಾದರೂ ಪಾಠ ಬದಲಾಗದಂತೆ ದಶಕಗಳ ಕಾಲ ಕಾಯ್ದುಕೊಂಡವರು ಟೋನಿಯೇ.

ಪಾಠ ಒಂದೇ, ಹುಡುಗರು ಮಾತ್ರ ಒಬ್ಬರಂತೆ ಇನ್ನೊಬ್ಬರಿಲ್ಲ. ರಿಯೊ ದಕ್ಷಿಣ ಲಂಡನ್ನಿನ ಪೆಕಮ್‌ನ ಸರ್ಕಾರಿ ವಸತಿ ಸಮುಚ್ಚಯದವನು. ವಿದ್ಯಾರ್ಥಿವೇತನ ಪಡೆದು ಬ್ಯಾಲೆ ನೃತ್ಯ ಕಲಿತವನು. ಮಿಡ್‌ಫೀಲ್ಡ್‌ನಲ್ಲಿ ದಾಳಿಯ ಆಟ ಆಡುತ್ತಿದ್ದ ಆ ಹುಡುಗನನ್ನು ಹಿಂದಕ್ಕೆ ತಂದು ಡಿಫೆಂಡರ್ ಮಾಡಲಾಯಿತು. ಮಿಡ್‌ಫೀಲ್ಡರ್ ಆಗಿ ಕಲಿತ ಚೆಂಡಿನ ಹಿಡಿತ ಹಿಂದಿನ ಸಾಲಿನಲ್ಲೂ ಉಳಿಯಿತು. ಡಿಫೆಂಡರ್ ಎಂದರೆ ಚೆಂಡನ್ನು ದೂರಕ್ಕೆ ಒದೆಯುವವನು ಎಂಬ ಇಂಗ್ಲಿಷ್ ರೂಢಿಯ ನಡುವೆ ಅವನು ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ನಡೆದುಬರುತ್ತಿದ್ದ. ಕ್ಯಾರಿಕ್ ಬಂದದ್ದು ಈಶಾನ್ಯ ಇಂಗ್ಲೆಂಡಿನ ವಾಲ್ಸೆಂಡ್‌ನಿಂದ. ಹದಿಹರೆಯದಲ್ಲಿ ದಿಢೀರನೆ ಉದ್ದ ಬೆಳೆದು, ಮೈ ಕೂಡಿಕೊಳ್ಳದೆ ತೊಳಲಿದ ಹುಡುಗ. ಬೇರೆ ಕಡೆಯಾಗಿದ್ದರೆ ಬಲ ಸಾಲದು ಎಂದು ಮನೆಗೆ ಕಳಿಸುತ್ತಿದ್ದರೇನೋ. ಇಲ್ಲಿ ಕಾದರು. ಯುವ ತಂಡದ ಕೋಚ್ ಪಡೆದಿರಬೇಕಾದ ಗುಣಗಳಲ್ಲಿ ಈ ಕಾಯುವ ಗುಣವೇ ದೊಡ್ಡದೆಂದು ನಾನು ತಿಳಿದಿದ್ದೇನೆ. ಈ ಶನಿವಾರದ ಪಂದ್ಯ ಗೆಲ್ಲಲು ಬಲವಾದ ಹುಡುಗ ಬೇಕು, ಹತ್ತು ವರ್ಷದ ಮೇಲಿನ ಪಂದ್ಯಕ್ಕೆ ಇವತ್ತು ಎಡವುತ್ತಿರುವ ಹುಡುಗ ಬೇಕು.

ಜೋ ಕೋಲ್ ವಿಷಯದಲ್ಲಿ ಕಾಯುವ ಮಾತೇ ಇರಲಿಲ್ಲ. ಹದಿಮೂರು ಹದಿನಾಲ್ಕರಲ್ಲೇ ಅವನ ಕಾಲ್ಚಳಕದ ಸುದ್ದಿ ದೇಶವೆಲ್ಲ ಹಬ್ಬಿತ್ತು. ಅವನಂಥ ಹುಡುಗನಿಗೆ ಕೋಚ್ ಮಾಡಬಹುದಾದ ದೊಡ್ಡ ಕೇಡೆಂದರೆ ಮಾತುಮಾತಿಗೆ ಪಾಸು ಕೊಡು ಎಂದು ಕೂಗುವುದು. ಅವನ ಕಾಲ್ಚಳಕ ಅಳಿಯಲಿಲ್ಲ. 2006ರ ವಿಶ್ವಕಪ್‌ನಲ್ಲಿ ಸ್ವೀಡನ್ ವಿರುದ್ಧ ಅವನು ಹೊಡೆದ ಗೋಲು ನೆನಪಿರುವವರಿಗೆ ನಾನು ಹೇಳುತ್ತಿರುವುದು ತಿಳಿಯುತ್ತದೆ. ಡಿಫೆಂಡರ್ ತಲೆಯಿಂದ ಹೊಡೆದು ಕಳಿಸಿದ ಚೆಂಡು ದೂರದಲ್ಲಿದ್ದ ಅವನ ಎದೆಗೆ ಬಂತು. ಎದೆಯಿಂದ ಇಳಿದದ್ದು ನೆಲ ಮುಟ್ಟುವ ಮೊದಲೇ ಬಲಗಾಲಿನಿಂದ ಹಾರಿತು. ಗೋಲ್‌ಕೀಪರ್‌ನ ತಲೆ ಮೇಲೆ ಹೋಗಿ, ಅಲ್ಲಿಂದ ಇಳಿದು, ಮೂಲೆಯ ಕಂಬ ಸವರಿ ಬಲೆಯೊಳಗೆ ಬಿತ್ತು. ಇದನ್ನು ಯಾವ ಕೋಚ್ ಕೂಡ ಕಲಿಸಲಾರ, ಕೆಡಿಸದೆ ಬಿಡಬಲ್ಲ ಅಷ್ಟೆ.

1999ರಲ್ಲಿ ಕೋಲ್, ಕ್ಯಾರಿಕ್ ಇದ್ದ ತಂಡ ಯೂತ್ ಕಪ್ ಫೈನಲ್‌ನಲ್ಲಿ ಕವೆಂಟ್ರಿಯನ್ನು ಎರಡು ಪಂದ್ಯ ಸೇರಿ 9-0ರಿಂದ ಸೋಲಿಸಿತು: ಅಲ್ಲಿ ಮೂರು, ತಮ್ಮ ಅಪ್ಟನ್ ಪಾರ್ಕ್‌ನಲ್ಲಿ ಆರು. ಹುಡುಗರ ಪಂದ್ಯ ನೋಡಲು ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಗ್ರೀನ್ ಸ್ಟ್ರೀಟ್ ತುಂಬಿಕೊಂಡು ಬಂದಿದ್ದರು. ಸೀರೆ, ಚಿನ್ನದ ಅಂಗಡಿಗಳ ಸಾಲಿನಿಂದಾಗಿ ನಮ್ಮ ದೇಶದವರಿಗೂ ಚಿರಪರಿಚಿತವಾದ ಬೀದಿ ಅದು. ಆ ತಂಡದಿಂದ ದೊಡ್ಡ ತಾರೆಗಳಾದವರು ಕೋಲ್, ಕ್ಯಾರಿಕ್ ಇಬ್ಬರೇ. ರಿಚರ್ಡ್ ಗಾರ್ಸಿಯಾ 2010ರ ವಿಶ್ವಕಪ್‌ನಲ್ಲಿ ಆಸ್ಟ್ರೇಲಿಯಾಕ್ಕೆ ಆಡಿದರು, ಆಡಂ ನ್ಯೂಟನ್ ಪೀಟರ್‌ಬರೋದಂಥ ಕೆಳ ದರ್ಜೆಯ ತಂಡದಲ್ಲಿ ವರ್ಷಗಟ್ಟಲೆ ದುಡಿದರು. ಉಳಿದ ಹಲವರ ಹೆಸರು ಅಭಿಮಾನಿಗಳ ನೆನಪಿನಲ್ಲಷ್ಟೇ ಉಳಿದಿದೆ. ಒಂಬತ್ತು ಗೋಲಿನ ತಂಡದ ಪಾಡೇ ಹೀಗಾದರೆ ಮಿಕ್ಕ ವರ್ಷಗಳ ಹುಡುಗರದ್ದು ಊಹಿಸಿಕೊಳ್ಳಬಹುದು. ನೀನು ಇನ್ನು ಬರಬೇಡಪ್ಪ ಎಂದು ಹದಿನಾರು, ಹದಿನೆಂಟರ ಹುಡುಗನಿಗೆ ಹೇಳುವುದು ಯುವ ತಂಡದ ಕೋಚ್‌ಗೆ ಪ್ರತಿ ವರ್ಷದ ಕೆಲಸ. ಆ ಮಾತನ್ನು ಕೇಳಿಸಿಕೊಳ್ಳುವ ಕಡೆ ಒಮ್ಮೆ ಕೂತಿದ್ದ ಮನುಷ್ಯ ಟೋನಿ.

ಇನ್ನು ಹಣದ ವಿಷಯ. 2000ದ ನವೆಂಬರ್‌ನಲ್ಲಿ ರಿಯೊನನ್ನು ಲೀಡ್ಸ್ 1 ಕೋಟಿ 80 ಲಕ್ಷ ಪೌಂಡ್‌ಗೆ ಕೊಂಡಿತು. ಡಿಫೆಂಡರ್ ಒಬ್ಬನಿಗೆ ಅದು ಆಗ ವಿಶ್ವದಾಖಲೆ. ಮರುವರ್ಷ ಲ್ಯಾಂಪಾರ್ಡ್ 1 ಕೋಟಿ 10 ಲಕ್ಷಕ್ಕೆ ಚೆಲ್ಸಿಗೆ. 2003ರಲ್ಲಿ ಕೋಲ್, ಕ್ಯಾರಿಕ್, ಅದೇ ಗರಡಿಯ ಜರ್ಮೇನ್ ಡಿಫೊ, ಗ್ಲೆನ್ ಜಾನ್ಸನ್ ಇದ್ದ ತಂಡ 42 ಅಂಕ ಗಳಿಸಿಯೂ ಕೆಳ ದರ್ಜೆಗೆ ಬಿತ್ತು. 38 ಪಂದ್ಯಗಳ ಪ್ರೀಮಿಯರ್ ಲೀಗ್‌ನಲ್ಲಿ ಅಷ್ಟು ಅಂಕ ಪಡೆದ ಇನ್ನಾವ ತಂಡವೂ ಬಿದ್ದಿಲ್ಲ. ಬಿದ್ದ ಮೇಲೆ ಕ್ಲಬ್ಬಿನ ಖರ್ಚು ತೂಗಿಸಬೇಕಲ್ಲ, ಒಂದೇ ವರ್ಷದೊಳಗೆ ಚೆಲ್ಸಿಗೆ ಇಬ್ಬರು, ಟಾಟನ್‌ಹ್ಯಾಮ್‌ಗೆ ಒಬ್ಬ, ಅದರ ಬೆನ್ನಿಗೆ ಕ್ಯಾರಿಕ್ ಕೂಡ ಟಾಟನ್‌ಹ್ಯಾಮ್‌ಗೆ. ಇಷ್ಟೂ ಹುಡುಗರು ಐದೇ ಐದು ವರ್ಷ ಒಟ್ಟಿಗೆ ಉಳಿದಿದ್ದರೆ ಇಂಗ್ಲಿಷ್ ಫುಟ್‌ಬಾಲ್‌ನ ಆ ದಶಕದ ಚರಿತ್ರೆ ಬೇರೆಯಾಗಿರುತ್ತಿತ್ತು ಎಂದು ನಾನು ದೃಢವಾಗಿ ನಂಬುತ್ತೇನೆ. ಮಾರುವುದು ಅನಿವಾರ್ಯವಾಗಿದ್ದಿರಬಹುದು. ಹಾಗೆಂದು ಅದು ನಷ್ಟವಲ್ಲವೆಂದು ಹೇಳಲಾಗದು.

2010ರಲ್ಲಿ ಟೋನಿಗೆ ಎಂಬಿಇ ಗೌರವ ಬಂತು. ಮೇ ತಿಂಗಳಲ್ಲಿ ಅಪ್ಟನ್ ಪಾರ್ಕ್‌ನಲ್ಲಿ ಅವರ ಗೌರವಾರ್ಥ ಪಂದ್ಯ ನಡೆಯಿತು. ಆ ಬೇಸಿಗೆಯಲ್ಲಿ ದಕ್ಷಿಣ ಆಫ್ರಿಕಾದ ವಿಶ್ವಕಪ್‌ಗೆ ಹೊರಟ ಇಂಗ್ಲೆಂಡಿನ 23 ಮಂದಿಯಲ್ಲಿ ಆರು ಜನ ಅವರ ಹುಡುಗರು: ಲ್ಯಾಂಪಾರ್ಡ್, ಕೋಲ್, ಕ್ಯಾರಿಕ್, ಡಿಫೊ, ಜಾನ್ಸನ್ ಮತ್ತು ನಾಯಕ ರಿಯೊ. ಅಭ್ಯಾಸದಲ್ಲಿ ಗಾಯಗೊಂಡ ರಿಯೊ ಆಡಲಾಗದೆ ಹೊರಗುಳಿದ. ಮಾರಾಟವಾಗದೆ ಉಳಿದವನು ಮಾರ್ಕ್ ನೋಬಲ್. 2004ರಲ್ಲಿ ಮೊದಲ ತಂಡಕ್ಕೆ ಬಂದು 2022ರಲ್ಲಿ ನಿವೃತ್ತನಾಗುವವರೆಗೆ ಅವನು ವೆಸ್ಟ್ ಹ್ಯಾಮ್‌ನವನೇ ಆಗಿದ್ದ.

2014ರಲ್ಲಿ ಟೋನಿ ಅಕಾಡೆಮಿಯ ನಿರ್ದೇಶಕ ಸ್ಥಾನ ಬಿಟ್ಟುಕೊಟ್ಟರು. ಎರಡು ವರ್ಷದ ನಂತರ ಕ್ಲಬ್ಬನ್ನೂ ಬಿಟ್ಟರು. ಅಪ್ಟನ್ ಪಾರ್ಕ್ ಬಿಟ್ಟು ವೆಸ್ಟ್ ಹ್ಯಾಮ್ ಒಲಿಂಪಿಕ್ ಕ್ರೀಡಾಂಗಣಕ್ಕೆ ಹೋದದ್ದೂ ಅದೇ 2016ರಲ್ಲಿ. ಅಷ್ಟರಲ್ಲಿ ಹುಡುಗರನ್ನು ಬೆಳೆಸುವ ಬಗೆಯೂ ಬದಲಾಗಿತ್ತು. 2012ರ ಹೊಸ ನಿಯಮಗಳು ಅಕಾಡೆಮಿಗಳನ್ನು ನಾಲ್ಕು ವರ್ಗ ಮಾಡಿದವು. ಒಂದು ಕ್ಲಬ್ಬಿನ ಹುಡುಗನನ್ನು ಇನ್ನೊಂದು ಕ್ಲಬ್ಬು ಒಯ್ದರೆ ಕೊಡಬೇಕಾದ ಪರಿಹಾರಕ್ಕೆ ದರಪಟ್ಟಿ ಬಂತು. ಹಣವಂತ ಕ್ಲಬ್ಬುಗಳಿಗೆ ಇದರಿಂದ ಅನುಕೂಲವಾಯಿತು.

ಅಕಾಡೆಮಿ ಮಾತ್ರ ಚಾಡ್‌ವೆಲ್ ಹೀತ್‌ನಲ್ಲೇ ಉಳಿಯಿತು. 2023ರ ಏಪ್ರಿಲ್‌ನಲ್ಲಿ ವೆಸ್ಟ್ ಹ್ಯಾಮ್ ಹುಡುಗರು ಆರ್ಸೆನಲ್‌ನ ಮೈದಾನದಲ್ಲೇ ಆರ್ಸೆನಲ್ಲನ್ನು 5-1ರಿಂದ ಸೋಲಿಸಿ, 1999ರ ನಂತರ ಮೊದಲ ಸಲ ಯೂತ್ ಕಪ್ ಎತ್ತಿದರು. ಅವರ ಕೋಚ್ ಕೆವಿನ್ ಕೀನ್. 1980ರ ದಶಕದ ಮೊದಲಲ್ಲಿ ವೆಸ್ಟ್ ಹ್ಯಾಮ್ ಯುವ ತಂಡ ಸೇರಿ, ಟೋನಿ ಕಾರ್ ಕೈಯಲ್ಲೇ ಆಟ ಕಲಿತವರು ಅವರು.