ಹಡಗಿನ ಯಂತ್ರಾಗಾರದಲ್ಲಿ ಅಗ್ನಿಯ ಕಾರಣವಿಚಾರ

ಹಡಗುಗಳ ಯಂತ್ರಾಗಾರದಲ್ಲುಂಟಾಗುವ ಅಗ್ನಿಗೆ ಕಾರಣವಾವುದೆಂಬುದು ಇಲ್ಲಿ ವಿಚಾರಣೀಯವಾದ ವಿಷಯವು. ತೈಲವೇ ಕಾರಣವೆಂದರೆ ಸಾಲದು. ಹಡಗಿನ ಇಂಧನತೈಲದ ಆವಿಯು 60 ಡಿಗ್ರಿ ಸೆಂಟಿಗ್ರೇಡಿಗಿಂತ ಕಡಮೆ ಉಷ್ಣದಲ್ಲಿ ಕಿಡಿ ಸೋಕಿದರೂ ಹೊತ್ತದಂತಿರಬೇಕೆಂಬುದು ಸಾಮಾನ್ಯ ನಿಯಮವು. ಆದರೆ ಕೊಳವೆಯ ಬಿರುಕಿನಿಂದ ಒತ್ತಡದೊಡನೆ ಚಿಮ್ಮಿದ ತೈಲವು ತುಂತುರಾಗಿ ಗಾಳಿಯಲ್ಲಿ ಬೆರೆತು, ಹೊಗೆಕೊಳವೆಯೇ ಮೊದಲಾದ ತಪ್ತಲೋಹವನ್ನು ಮುಟ್ಟಿದರೆ ಕಿಡಿಯಿಲ್ಲದೆಯೇ ಉರಿಯಬಲ್ಲುದು. ತಾರ್ಕಿಕರು ಕಾರಣಸಾಮಗ್ರಿಯೆನ್ನುವುದು ಇಂತಹುದನ್ನೇ. ಸೋರಿದ ತೈಲ, ವಾಯು, ತಪ್ತಲೋಹ ಈ ಮೂರೂ ಕೂಡಿದಲ್ಲಿ ಅಗ್ನಿಯೆಂಬ ಕಾರ್ಯವು ಹುಟ್ಟುತ್ತದೆ. ಒಂದು ತಪ್ಪಿದರೂ ಹುಟ್ಟದು.

ಇವುಗಳಲ್ಲಿ ವಾಯುವನ್ನು ನಿವಾರಿಸಲಾಗದು. ಯಂತ್ರಕ್ಕೂ ಜನರಿಗೂ ಅದು ಬೇಕು. ಆದುದರಿಂದ ಸಮುದ್ರದಲ್ಲಿ ಜೀವರಕ್ಷಣೆಯನ್ನು ಕುರಿತ ಅಂತರರಾಷ್ಟ್ರೀಯ ಒಪ್ಪಂದವು ಉಳಿದೆರಡಕ್ಕೆ ವಿಧಿಗಳನ್ನು ಹೇಳಿದೆ. ಅಧಿಕ ಒತ್ತಡದ ಇಂಧನಕೊಳವೆಗೆ ಹೊರಗೊಂದು ಕವಚಕೊಳವೆಯಿರಬೇಕು. ತೈಲವು ತಾಗಬಹುದಾದ, 220 ಡಿಗ್ರಿಗೆ ಮೇಲ್ಪಟ್ಟು ಕಾಯುವ ಭಾಗಗಳಿಗೆ ಶಾಖನಿರೋಧಕವಾದ ಹೊದಿಕೆಯಿರಬೇಕು.

ಎರಡನೆಯ ವಿಧಿಯ ಮಹತ್ವಕ್ಕೆ ನಾರ್ವೆಯ 'ನೂರ್ಡ್‌ಲಿಸ್' ಹಡಗು ನಿದರ್ಶನವು. 2011ನೆಯ ಸೆಪ್ಟೆಂಬರ್ 15ರಂದು ಓಲೆಸುಂಡ್ ಪಟ್ಟಣದ ಸಮೀಪದಲ್ಲಿ, ಸೋರಿದ ತೈಲವು ಹೊದಿಕೆಯಿಲ್ಲದ ಒಂದು ಕವಾಟಕ್ಕೆ ತಾಗಿ ಹೊತ್ತಿತು, ಇಬ್ಬರು ಮಡಿದರು. ಮೊದಲನೆಯ ವಿಧಿಯೊಂದೇ ಸಾಲದೆಂಬುದಕ್ಕೆ 'ಕಾರ್ನಿವಲ್ ಟ್ರಯಂಫ್' ನಿದರ್ಶನವು. 2013ನೆಯ ಫೆಬ್ರವರಿಯಲ್ಲಿ ಮೆಕ್ಸಿಕೋ ಕೊಲ್ಲಿಯಲ್ಲಿ ಅದಕ್ಕೊದಗಿದ ಬೆಂಕಿಯ ಮೂಲವು ಅಧಿಕ ಒತ್ತಡದ ಕೊಳವೆಯಲ್ಲ, ಇಂಧನವು ಹಿಂದಿರುಗುವ ಮಾರ್ಗದಲ್ಲಿದ್ದ ಬಳುಕುಕೊಳವೆ. ಪ್ರಾಣಹಾನಿಯಾಗಲಿಲ್ಲ, ಆದರೆ 4,000ಕ್ಕೂ ಹೆಚ್ಚು ಜನರಿದ್ದ ಹಡಗು ಚಾಲನಶಕ್ತಿಯನ್ನು ಕಳೆದುಕೊಂಡು ದಿನಗಟ್ಟಲೆ ಕಡಲಲ್ಲಿರಬೇಕಾಯಿತು.

ಆದುದರಿಂದ ಸೋರಿಕೆಯೆಂಬುದು ಎಲ್ಲಿಯಾದರೂ ಸಂಭವಿಸಬಹುದೆಂದೆಣಿಸಿ, ದುರಸ್ತಿಗಾಗಿ ತೆಗೆದ ಹೊದಿಕೆಯನ್ನು ಯಂತ್ರವು ನಡೆಯುವ ಮುನ್ನವೇ ಮರಳಿ ತೊಡಿಸತಕ್ಕುದೆಂಬುದೇ ನಿರ್ಣಯವು.