ರಾಜಿಗೆ ಮುಂಚೆ ಮಹಜರು
2023ರ ಅಕ್ಟೋಬರ್ 26ರ ಬೆಳಿಗ್ಗೆ, ಮಂಜು ಕವಿದಿದ್ದ ಹೊತ್ತಿನಲ್ಲಿ, ಚಿಕ್ಕಬಳ್ಳಾಪುರದ ಬಳಿ 44ನೇ ಹೆದ್ದಾರಿಯಲ್ಲಿ ನಿಂತಿದ್ದ ಟ್ಯಾಂಕರ್‌ಗೆ ಸುಮೊ ಗುದ್ದಿ 13 ಜನ ಸತ್ತರು. ಅಷ್ಟು ದೊಡ್ಡ ಅಪಘಾತಕ್ಕೆ ಕೇಸು ದಾಖಲಾಗದೆ ಇರುವುದಿಲ್ಲ. ಶಿಡ್ಲಘಟ್ಟಕ್ಕೆ ರೇಷ್ಮೆಗೂಡು, ಚಿಂತಾಮಣಿಗೆ ಟೊಮೆಟೊ ಒಯ್ಯುವಾಗ ಕಾಲು ಮುರಿದುಕೊಂಡವನ ಎದುರು ಮೊದಲು ಬಂದು ಕೂರುವುದು ಮಾತ್ರ ರಾಜಿ ಪಂಚಾಯಿತಿ: ಆಸ್ಪತ್ರೆ ಖರ್ಚು ಕೊಡ್ತೀವಿ, ಕೇಸು ಬೇಡ. ಆ ದುಡ್ಡು ಇವತ್ತು ಪಟ್ಟಿ ಕಟ್ಟಿಸಲು ಸಾಕು. ಕಾಲಿಗೆ ಹಾಕಿದ ರಾಡು, ತಪ್ಪಿದ ಕೂಲಿ, ಉಳಿದುಬಿಡುವ ಕುಂಟು ಅದರ ಲೆಕ್ಕದಲ್ಲಿ ಇರುವುದಿಲ್ಲ. ಅವನ್ನೆಲ್ಲ ಲೆಕ್ಕ ಹಾಕುವುದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ. ಅದು ನೋಡುವುದು ಎಫ್‌ಐಆರ್, ಸ್ಥಳ ಮಹಜರು, ಗಾಯದ ಪ್ರಮಾಣಪತ್ರ, ಬಿಲ್ಲು. ರಸ್ತೆಯ ಮೇಲಿನ ಬ್ರೇಕಿನ ಕರೀ ಗೆರೆ ಒಂದು ಮಳೆಗೆ ಹೋಗುತ್ತದೆ, ಮಹಜರಿನ ನಕ್ಷೆಯಲ್ಲಿ ಉಳಿಯುತ್ತದೆ.

ಕೋರ್ಟಿಗೆ ವರ್ಷಗಟ್ಟಲೆ ಅಲೆಯುವವರು ಯಾರು ಅನ್ನುತ್ತಾರೆ. ಸುಳ್ಳಲ್ಲ. ಆದರೆ ಲೋಕ ಅದಾಲತ್‌ನಲ್ಲಿ ಆಗುವುದೂ ರಾಜಿಯೇ, ದಾಖಲೆ ಮುಂದಿಟ್ಟುಕೊಂಡು ಆಗುವ ರಾಜಿ. ಬೆಂಗಳೂರಿನಲ್ಲಿ ಅಪಘಾತಕ್ಕೆ ಸಿಕ್ಕ ಗೌರಿಬಿದನೂರಿನವರು ತಾವು ವಾಸಿಸುವ ವ್ಯಾಪ್ತಿಯ ನ್ಯಾಯಮಂಡಳಿಯಲ್ಲೇ ಪರಿಹಾರದ ಅರ್ಜಿ ಹಾಕಬಹುದು. ಅದಕ್ಕೆ ಕಾಯ್ದೆ ಕೊಟ್ಟ ಗಡುವು ಅಪಘಾತದಿಂದ ಆರು ತಿಂಗಳು. ತುರ್ತು ಚಿಕಿತ್ಸೆಗೆ 2025ರಲ್ಲಿ ಬಂದ ನಗದುರಹಿತ ಯೋಜನೆಯಲ್ಲಿ ಏಳು ದಿನ, ಒಂದೂವರೆ ಲಕ್ಷ ರೂಪಾಯಿವರೆಗೆ ಅವಕಾಶವಿದೆ. ಅದಕ್ಕೂ ಅಪಘಾತ ಆದದ್ದು ಪೊಲೀಸರಿಗೆ ಗೊತ್ತಿರಬೇಕು.