ಜಂತಿ ಮನೆಯ ಗುಟ್ಟು

ಹಿಮ ಬೀಳುವ ದೇಶಗಳಲ್ಲಿ ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಪೇರಿಸಿ ಮನೆ ಕಟ್ಟುತ್ತಾರೆ. ಮರದೊಳಗೆ ಕಣ್ಣಿಗೆ ಕಾಣದ ಸಣ್ಣ ಸಣ್ಣ ಗೂಡುಗಳಿದ್ದು, ಅವುಗಳಲ್ಲಿ ಗಾಳಿ ತುಂಬಿರುತ್ತದೆ. ಅದು ಶಾಖವನ್ನು ಬೇಗ ದಾಟಿಸುವುದಿಲ್ಲ. ದಿಮ್ಮಿಗಳ ಸಂದಿಗೆ ಪಾಚಿ ತುರುಕುತ್ತಾರೆ. ಹೀಗಾಗಿ ಒಲೆಯ ಕಾವು ಒಳಗೇ ಉಳಿಯುತ್ತದೆ.

ನಮ್ಮ ಕಮಲಾಪುರದಾಗ ಹಿಮ ಇಲ್ಲ, ಬಿಸಿಲು ಅದ! ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಚಳಿಗಾಲದ ನಸುಕಿನಲ್ಲಿ ಹಲ್ಲು ಕಟಕಟ. ಎರಡಕ್ಕೂ ಹಿರಿಯರು ಕಂಡುಕೊಂಡ ಉಪಾಯವೇ ಜಂತಿ ಮನೆ.

ಗೋಡೆ ಕಲ್ಲು ಮಣ್ಣಿನದು, ಬಹಳ ದಪ್ಪ. ಮೇಲೆ ತೊಲೆ, ಜಂತಿ, ಹಲಗೆ, ಅದರ ಮೇಲೆ ಮಣ್ಣು. ಮಧ್ಯಾಹ್ನದ ಕಾವು ಇಷ್ಟನ್ನು ದಾಟಿ ಒಳಗೆ ಬರಲು ಹಲವು ತಾಸು ಬೇಕು. ಅಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಚಳಿಗಾಲದಲ್ಲಿ ಅದೇ ಗೋಡೆ ಹಗಲಿನ ಕಾವು ಹಿಡಿದಿಟ್ಟು ರಾತ್ರಿ ಬಿಡುತ್ತದೆ. ಮರ ಶಾಖವನ್ನು ತಡೆಯುತ್ತದೆ. ಕಲ್ಲು ಮಣ್ಣು ತಡ ಮಾಡುತ್ತದೆ.

ಕಲಬುರಗಿ ಶಹರದಲ್ಲಿ ನಮ್ಮ ಕಾಕಾನ ಮನೆಗೆ ಸ್ಲ್ಯಾಬ್ ಅದ, ನಾಲ್ಕೈದು ಇಂಚು ದಪ್ಪ. ಸಂಜಿಗೆ ಕಾದ ಹಂಚಿನಂಗ ಆಗ್ತದ. ರಾತ್ರಿ ಫ್ಯಾನು ಬಿಸಿಗಾಳೀನೇ ಬೀಸ್ತದ. ತಗಡಿನ ಮನಿ ಬಗ್ಗೆ ಹೇಳೋದೇ ಬ್ಯಾಡ.

ನಮ್ಮೂರಲ್ಲೂ ಜಂತಿ ಮನೆ ಕೆಡವುತ್ತಿದ್ದಾರೆ. ಕಾರಣ ಇದೆ: ಮಾಳಿಗೆಗೆ ಆಗಾಗ ಮಣ್ಣು ಹಾಕಬೇಕು, ಸೋರಿದರೆ ಜಂತಿ ಕೊಳೆತು ಕುಸಿಯುವ ಭಯ. ಆದರೆ ಕೆಡವುವ ಮೊದಲು ಗೌಂಡಿಗೆ ತೋರಿಸಿ, ಗಟ್ಟಿ ಇದ್ದ ಗೋಡೆ ಉಳಿಸಿಕೊಳ್ಳಬಹುದು. ಸ್ಲ್ಯಾಬ್ ಹಾಕಿದವರು ಮೇಲೆ ಸುಣ್ಣ ಬಳಿಯಬಹುದು. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ.

ಹಳೆಯದರ ಗುಟ್ಟು ತಿಳಿದು ಹೊಸದು ಕಟ್ಟಿದರೆ ಮನೆಯ ಅಜ್ಜ ಅಜ್ಜಿ ಬೇಸಿಗೆಯಲ್ಲೂ ಕಣ್ತುಂಬ ನಿದ್ದೆ ಮಾಡಿಯಾರು.